ನೀಲಿ ಚುಕ್ಕೆ ಬದು ದಾಟುವುದೇಕೆ? ಫೋನಿನ ಜಿಪಿಎಸ್ ನಿಖರತೆಯ ಒಳಹೊರಗು

ಚನ್ನಗಿರಿ ಕಡೆಯ ಯಾವುದಾದರೂ ಹಳೆಯ ಅಡಿಕೆ ತೋಟದ ನಡುವೆ ನಿಂತು, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆಯಿರಿ. ನೀಲಿ ಚುಕ್ಕೆ ಮೊದಲು ನಿಮ್ಮ ಸರ್ವೆ ನಂಬರಿನಲ್ಲಿ ಕೂರುತ್ತದೆ. ಅರ್ಧ ನಿಮಿಷ ಬಿಟ್ಟು ನೋಡಿದರೆ ಬದು ದಾಟಿ ಪಕ್ಕದವರ ನಂಬರಿಗೆ ಹೋಗಿರುತ್ತದೆ. ನೀವು ಮಾತ್ರ ನಿಂತಲ್ಲೇ ಇದ್ದೀರಿ. ಅದೇ ಫೋನನ್ನು ಜಗಳೂರಿನ ಬಯಲು ಹೊಲದಲ್ಲಿ ಹಿಡಿದರೆ ಚುಕ್ಕೆ ಅಷ್ಟಾಗಿ ಅಲೆದಾಡುವುದಿಲ್ಲ. ಫೋನ್ ಅದೇ, ಉಪಗ್ರಹಗಳೂ ಅವೇ. ಬದಲಾಗಿದ್ದು ನಿಮ್ಮ ಸುತ್ತಲಿನ ಇಪ್ಪತ್ತು ಮೂವತ್ತು ಮೀಟರ್ ಜಾಗ.

ಸಿಗ್ನಲ್ ಇಪ್ಪತ್ತು ಸಾವಿರ ಕಿ.ಮೀ. ಮೇಲಿನಿಂದ ಬರುತ್ತದೆ. ಆ ದಾರಿಯಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲನ್ನು ಫೋನ್ ತಾನೇ ಲೆಕ್ಕ ಹಾಕಿ ಕಳೆಯುತ್ತದೆ. ಕೊನೆಯ ಇಪ್ಪತ್ತು ಮೀಟರಿನಲ್ಲಿ ಆಗುವ ತಪ್ಪನ್ನು ತಿದ್ದಲು ಅದಕ್ಕೆ ಹೆಚ್ಚಿನ ದಾರಿಗಳಿಲ್ಲ. ಅಲ್ಲಿ ಕೆಲಸ ಮಾಡಬೇಕಾದವರು ಫೋನ್ ಹಿಡಿದವರು. ಎಲ್ಲಿ ನಿಲ್ಲುತ್ತೀರಿ, ಹೇಗೆ ಹಿಡಿಯುತ್ತೀರಿ, ಎಷ್ಟು ಹೊತ್ತು ಕಾಯುತ್ತೀರಿ ಎಂಬುದು ಮುಖ್ಯ. ಸೆಟ್ಟಿಂಗ್ಸ್‌ನ ಯಾವ ಗುಂಡಿ ಒತ್ತುತ್ತೀರಿ ಎಂಬುದು ಆಮೇಲಿನ ಮಾತು.

ಸಮಯದಿಂದ ದೂರ

ಪ್ರತಿ ಜಿಪಿಎಸ್ ಉಪಗ್ರಹದಲ್ಲೂ ಪರಮಾಣು ಗಡಿಯಾರಗಳಿರುತ್ತವೆ. "ಈಗ ಇಷ್ಟು ಹೊತ್ತು, ನಾನು ಇಲ್ಲಿದ್ದೇನೆ" ಎಂದು ಅದು ಬಿಡುವಿಲ್ಲದೆ ಸಾರುತ್ತಿರುತ್ತದೆ. ಆ ಸಂದೇಶ ನೆಲ ಮುಟ್ಟಲು ಸುಮಾರು 67 ಮಿಲಿಸೆಕೆಂಡ್ ಬೇಕು. ತಲುಪಿದ ಸಮಯದಿಂದ ಹೊರಟ ಸಮಯ ಕಳೆದು, ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ತೊಡಕು ಇರುವುದು ಇಲ್ಲೇ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಅಳತೆಯಲ್ಲಿ ಹತ್ತು ನ್ಯಾನೊಸೆಕೆಂಡ್ ಆಚೀಚೆಯಾದರೆ ಆ ಉಪಗ್ರಹದ ದೂರ ಮೂರು ಮೀಟರ್ ತಪ್ಪುತ್ತದೆ. ಫೋನಿನೊಳಗಿನ ಅಗ್ಗದ ಗಡಿಯಾರ ಅಷ್ಟು ನಿಖರವಾಗಿ ನಡೆಯುವುದಿಲ್ಲ. ಹಾಗಾಗಿ ಅದರ ತಪ್ಪನ್ನೂ ಒಂದು ಅಪರಿಚಿತ ಸಂಖ್ಯೆಯೆಂದು ಇಟ್ಟುಕೊಂಡು ಲೆಕ್ಕ ಬಿಡಿಸುತ್ತಾರೆ. ಅಕ್ಷಾಂಶ, ರೇಖಾಂಶ, ಎತ್ತರ, ಗಡಿಯಾರದ ತಪ್ಪು ಎಂದು ನಾಲ್ಕು ಅಪರಿಚಿತಗಳಾದವು. ಅದಕ್ಕೇ ಕನಿಷ್ಠ ನಾಲ್ಕು ಉಪಗ್ರಹ ಬೇಕು.

ಈಗಿನ ಫೋನುಗಳು ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಉಪಗ್ರಹಗಳನ್ನೂ ಹಿಡಿಯುತ್ತವೆ. ಕೆಲವು ನಮ್ಮ ನಾವಿಕ್ ಅನ್ನೂ ಹಿಡಿಯುತ್ತವೆ. ಹಾಗಾಗಿ ದಾವಣಗೆರೆಯ ಬಯಲಿನಲ್ಲಿ ಉಪಗ್ರಹಗಳಿಗೆ ಬರವಿಲ್ಲ. ಸಿಗ್ನಲ್ ಮಾತ್ರ ತೀರಾ ಕ್ಷೀಣ. ನೆಲಕ್ಕೆ ಬಂದು ಮುಟ್ಟುವುದು ಒಂದು ವ್ಯಾಟ್‌ನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಂಗೈ ಅಡ್ಡ ಬಂದರೂ ಅದಕ್ಕೆ ಗೋಡೆ ಅಡ್ಡ ಬಂದ ಹಾಗೆ.

ಮೇಲಿನ ತಪ್ಪುಗಳು

ಮೋಡ ಕವಿದರೆ ಜಿಪಿಎಸ್ ಸಿಗುವುದಿಲ್ಲ ಎಂಬ ಮಾತು ಹೊಲಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಅದು ತಪ್ಪು. ಈ ತರಂಗಾಂತರದ ಸಿಗ್ನಲ್ಲಿಗೆ ಮೋಡ, ಮಳೆ ಲೆಕ್ಕಕ್ಕೇ ಇಲ್ಲ. ಮಳೆ ಬಂದಾಗ ತೋಟದೊಳಗೆ ಚುಕ್ಕೆ ಓಡಾಡುವುದು ನಿಜ. ಆದರೆ ಅದಕ್ಕೆ ಕಾರಣ ಒದ್ದೆಯಾದ ಎಲೆ. ನೀರು ಮೆತ್ತಿದ ಅಡಿಕೆ ಸೋಗೆ ಒಣ ಸೋಗೆಗಿಂತ ಹೆಚ್ಚು ಸಿಗ್ನಲ್ ನುಂಗುತ್ತದೆ.

ಮೇಲಿನ ದಾರಿಯಲ್ಲಿ ನಿಜವಾಗಿ ಕಾಡುವುದು ಅಯಾನುಗೋಳ, ಅಂದರೆ ಬಿಸಿಲಿನಿಂದ ವಿದ್ಯುದಂಶ ಪಡೆದ ಗಾಳಿಯ ಮೇಲ್ಪದರ. ಇಲ್ಲಿ ಸಿಗ್ನಲ್ ತಡವಾಗುತ್ತದೆ. ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ, ಮಧ್ಯಾಹ್ನದ ಹೊತ್ತಿನಲ್ಲಿ, ಈ ತಡ ಹತ್ತು ಮೀಟರಿಗೂ ಮೀರುತ್ತದೆ. ಸೂರ್ಯ ಈಗಿನ ಆವರ್ತದ ಗರಿಷ್ಠ ಅವಧಿ ತಲುಪಿದ್ದಾನೆಂದು ನಾಸಾ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತ್ತು. ಉಪಗ್ರಹಗಳೇ ಎಂಟು ಸಂಖ್ಯೆಗಳ ಒಂದು ಮಾದರಿಯನ್ನು ಕಳುಹಿಸುತ್ತವೆ. ಅದನ್ನು ಬಳಸಿ ಫೋನ್ ಈ ತಪ್ಪಿನಲ್ಲಿ ಸುಮಾರು ಅರ್ಧದಷ್ಟನ್ನು ಕಳೆಯುತ್ತದೆ. ಉಳಿದದ್ದು ಎಲ್ಲ ಉಪಗ್ರಹಗಳ ದೂರವನ್ನೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ತಪ್ಪಿಸುತ್ತದೆ. ಅದರ ಬಹುಪಾಲು ಗಡಿಯಾರದ ಲೆಕ್ಕದೊಳಗೂ ಎತ್ತರದ ಲೆಕ್ಕದೊಳಗೂ ಸೇರಿಹೋಗುತ್ತದೆ. ನೆಲದ ಮೇಲಿನ ಸ್ಥಾನಕ್ಕೆ ತಟ್ಟುವುದು ಕಡಿಮೆ. ಫೋನ್ ತೋರಿಸುವ ಎತ್ತರ ಯಾವಾಗಲೂ ಸ್ಥಾನಕ್ಕಿಂತ ಕೆಟ್ಟದಾಗಿರಲು ಇದೂ ಒಂದು ಕಾರಣ.

ನಮ್ಮ ಕಡೆಗೆ ಇನ್ನೊಂದು ವಿಶೇಷವಿದೆ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಮೇಲೆ ಹಾಯುತ್ತದೆ. 1963ರಲ್ಲಿ ರಾಕೆಟ್ ಉಡಾವಣೆಗೆ ತಿರುವನಂತಪುರದ ಪಕ್ಕದ ತುಂಬಾ ಎಂಬ ಹಳ್ಳಿಯನ್ನು ಆರಿಸಿದ್ದು ಅದಕ್ಕೇ. ದಾವಣಗೆರೆ ಅಲ್ಲಿಂದ ಆರು ಡಿಗ್ರಿಯಷ್ಟೇ ಉತ್ತರಕ್ಕಿದೆ. ಈ ಪಟ್ಟಿಯಲ್ಲಿ ಹೊತ್ತು ಮುಳುಗಿದ ಮೇಲೆ ಅಯಾನುಗೋಳದಲ್ಲಿ ಗುಳ್ಳೆಗಳೇಳುತ್ತವೆ. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ ಇದು ಹೆಚ್ಚು. ಆಗ ಸಿಗ್ನಲ್ ಮಿಣುಕತೊಡಗಿ, ಬಯಲಿನಲ್ಲಿದ್ದರೂ ಉಪಗ್ರಹಗಳು ಕೈತಪ್ಪುತ್ತವೆ. ಯುಗಾದಿ ಆಸುಪಾಸಿನ ರಾತ್ರಿ ಎಂಟು ಗಂಟೆಗೆ ಫೋನ್ ವಿನಾಕಾರಣ ತಡವರಿಸಿದರೆ ಅದನ್ನು ಕೆಟ್ಟಿತೆಂದು ರಿಪೇರಿಗೆ ಒಯ್ಯಬೇಡಿ. ಬೆಳಿಗ್ಗೆ ಮತ್ತೆ ನೋಡಿ. ಅಳತೆಯ ಕೆಲಸಕ್ಕೆ ಬೆಳಗಿನ ಹೊತ್ತೇ ಒಳ್ಳೆಯದು.

ಕೊನೆಯ ಇಪ್ಪತ್ತು ಮೀಟರ್

ಚಿತ್ರದುರ್ಗದ ಕೋಟೆಯೊಳಗೆ ದೊಡ್ಡ ಬಂಡೆಗಳ ನಡುವೆ ನಿಂತು ಕೂಗಿದರೆ ನಿಮ್ಮದೇ ದನಿ ಎರಡು ಮೂರು ಕಡೆಯಿಂದ ತಿರುಗಿ ಬರುತ್ತದೆ. ಉಪಗ್ರಹದ ಸಿಗ್ನಲ್ಲಿಗೂ ಅಲ್ಲಿ ಅದೇ ಗತಿ. ನೇರವಾಗಿ ಬಂದದ್ದು ಒಂದು, ಬಂಡೆಗೆ ಬಡಿದು ಬಂದದ್ದು ಇನ್ನೊಂದು. ಬಡಿದು ಬಂದದ್ದು ಹೆಚ್ಚು ದಾರಿ ನಡೆದಿರುತ್ತದೆ, ಆದ್ದರಿಂದ ತಡವಾಗಿ ತಲುಪುತ್ತದೆ. ಎರಡೂ ಬೆರೆತರೆ ಫೋನ್ ಅಳೆಯುವ ದೂರ ತಪ್ಪುತ್ತದೆ. ನೀವು ಉದ್ದನೆಯ ಕೂಗು ಹಾಕಿದರೆ ಕೂಗೂ ಮಾರ್ದನಿಯೂ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತದೆ. ಚಪ್ಪಾಳೆ ಹೊಡೆದರೆ ಎರಡೂ ಬೇರೆ ಬೇರೆ ಕೇಳಿಸುತ್ತವೆ. ಎಲ್1, ಎಲ್5 ಎಂದು ಫೋನಿನ ಜಾಹೀರಾತಿನಲ್ಲಿ ಬರೆದಿರುತ್ತಾರಲ್ಲ, ಅವುಗಳ ವ್ಯತ್ಯಾಸವೂ ಹೀಗೆಯೇ.

ಹಿಂದಿನಿಂದ ಎಲ್ಲ ಫೋನುಗಳೂ ಬಳಸುತ್ತ ಬಂದ ಎಲ್1 ಸಿಗ್ನಲ್ 1575.42 ಮೆಗಾಹರ್ಟ್ಸ್‌ನಲ್ಲಿದೆ. ಅದರ ಸಂಕೇತದ ಒಂದೊಂದು ತುಣುಕೂ ಸುಮಾರು 293 ಮೀಟರ್ ಉದ್ದ. ಇಪ್ಪತ್ತು ಮೀಟರ್ ಸುತ್ತಿ ಬಂದ ಪ್ರತಿಫಲನ ಈ ಉದ್ದದೊಳಗೆ ಅಡಗಿಹೋಗುತ್ತದೆ. ಬೇರ್ಪಡಿಸುವುದು ಕಷ್ಟ. 1176.45 ಮೆಗಾಹರ್ಟ್ಸ್‌ನ ಎಲ್5 ಸಿಗ್ನಲ್ಲಿನ ತುಣುಕು ಅದರ ಹತ್ತನೇ ಒಂದು ಪಾಲು, 29.3 ಮೀಟರ್. ಅದಕ್ಕಿಂತ ದೂರ ಸುತ್ತಿ ಬಂದ ಪ್ರತಿಫಲನವನ್ನು ಚಿಪ್ ಗುರುತಿಸಿ ಪಕ್ಕಕ್ಕಿಡಬಲ್ಲದು. ಹತ್ತಿರದ ಪ್ರತಿಫಲನವೂ ಮಾಡುವ ಹಾನಿ ಕಡಿಮೆ. ಎರಡೂ ತರಂಗಾಂತರ ಹಿಡಿಯುವ ಮೊದಲ ಫೋನ್, ಶವೊಮಿಯ ಮಿ 8, ಬಂದದ್ದು 2018ರಲ್ಲಿ. ಐಫೋನುಗಳಲ್ಲಿ ಇದು ಶುರುವಾದದ್ದು 14 ಪ್ರೊ ಮಾದರಿಯಿಂದ.

ಎರಡು ತರಂಗಾಂತರ ಇದ್ದರೆ ಅಯಾನುಗೋಳದ ತಪ್ಪನ್ನು ಪೂರ್ತಿ ಕಳೆಯಬಹುದು ಎಂದು ಬಹಳ ಕಡೆ ಬರೆಯುತ್ತಾರೆ. ಗಣಿತದ ಮಟ್ಟಿಗೆ ಸರಿ. ಅಯಾನುಗೋಳದಲ್ಲಿ ಎಲ್5 ಸಿಗ್ನಲ್ ಎಲ್1ಕ್ಕಿಂತ 1.79 ಪಟ್ಟು ತಡವಾಗುವುದರಿಂದ ಎರಡನ್ನೂ ಹೋಲಿಸಿ ತಡವನ್ನು ಕಂಡುಹಿಡಿಯಬಹುದು. ಆದರೆ ಹಾಗೆ ಕೂಡಿಸಿ ಕಳೆಯುವಾಗ ಅಳತೆಯ ಗದ್ದಲ, ಅಂದರೆ ಗೊತ್ತುಗುರಿಯಿಲ್ಲದ ಏರಿಳಿತ, ಎರಡೂವರೆ ಪಟ್ಟಿಗಿಂತ ಹೆಚ್ಚು ಏರುತ್ತದೆ. ಫೋನಿನ ಪುಟ್ಟ ಆಂಟೆನಾಕ್ಕೆ ಮೊದಲೇ ಗದ್ದಲ ಜಾಸ್ತಿ. ಆದ್ದರಿಂದ ಫೋನಿನಲ್ಲಿ ಎಲ್5ರಿಂದ ಆಗುವ ದೊಡ್ಡ ಲಾಭ ಪ್ರತಿಫಲನದ ವಿರುದ್ಧವೇ. ಹೊಸ ಫೋನ್ ಕೊಳ್ಳುವಾಗ ಸ್ಥಾನದ ನಿಖರತೆ ಬೇಕೆಂದರೆ ಕ್ಯಾಮೆರಾದ ಮೆಗಾಪಿಕ್ಸೆಲ್ ಬಿಟ್ಟು ಎಲ್5 ಇದೆಯೇ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿರದಿದ್ದರೆ ಪರೀಕ್ಷಿಸುವ ದಾರಿ ಮುಂದಿದೆ.

ಆಂಟೆನಾದ ಮಾತು ಬಂತು. ಉಪಗ್ರಹದ ಸಿಗ್ನಲ್ ಬಲಕ್ಕೆ ತಿರುಚಿಕೊಂಡು ಬರುತ್ತದೆ. ಗೋಡೆಗೋ ನೀರಿಗೋ ಬಡಿದರೆ ಸಾಮಾನ್ಯವಾಗಿ ತಿರುಚು ಎಡಕ್ಕಾಗುತ್ತದೆ. ಸರ್ವೆಯವರ ದುಂಡನೆಯ ಆಂಟೆನಾ ಎಡತಿರುಚನ್ನು ಬಹುಪಾಲು ತಳ್ಳಿಹಾಕುತ್ತದೆ. ಫೋನಿನ ಅಂಚಿನಲ್ಲಿ ಅಡಗಿಸಿಟ್ಟ ಲೋಹದ ಪಟ್ಟಿಗೆ ಆ ಭೇದ ತಿಳಿಯದು. ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಅದು ಹಿಡಿಯುವ ಬಲವೂ ಸರ್ವೆ ಆಂಟೆನಾದ ಹತ್ತನೇ ಒಂದು ಪಾಲಿನ ಆಸುಪಾಸು. ಬೆಲೆಬಾಳುವ ಫೋನಿನಲ್ಲೂ ಈ ಕೊರತೆ ತಪ್ಪಿದ್ದಲ್ಲ.

ಪ್ರತಿಫಲನಕ್ಕಿಂತ ಕೆಟ್ಟದ್ದು ನೇರ ಸಿಗ್ನಲ್ಲೇ ಇಲ್ಲದೆ ಬರೀ ಬಡಿದು ಬಂದದ್ದು ಸಿಗುವುದು. ಒನಕೆ ಓಬವ್ವನ ಕಿಂಡಿಯಂಥ ಜಾಗದಲ್ಲಿ ಆಕಾಶ ಕಾಣುವುದೇ ಒಂದು ಸೀಳು. ಅಲ್ಲಿ ಎಲ್5 ಕೂಡ ನಿಸ್ಸಹಾಯಕ, ಏಕೆಂದರೆ ಹೋಲಿಸಲು ನೇರ ಸಿಗ್ನಲ್ಲೇ ಇಲ್ಲ. ಇಕ್ಕಟ್ಟಾದ ಬೀದಿಗಳಲ್ಲೂ ಸ್ವಲ್ಪಮಟ್ಟಿಗೆ ಹೀಗೇ. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯ ಓಣಿಗಳಲ್ಲಿ ಬೀದಿಯ ಉದ್ದಕ್ಕೆ ಆಕಾಶ ಕಾಣುತ್ತದೆ, ಅಡ್ಡಕ್ಕೆ ಕಟ್ಟಡಗಳು ಮುಚ್ಚಿರುತ್ತವೆ. ಹಾಗಾಗಿ ನೀವು ಬೀದಿಯ ಉದ್ದದಲ್ಲಿ ಎಲ್ಲಿದ್ದೀರಿ ಎಂಬುದು ಹೆಚ್ಚುಕಡಿಮೆ ಸರಿ ಬರುತ್ತದೆ. ತಪ್ಪೆಲ್ಲ ಅಡ್ಡ ದಿಕ್ಕಿನಲ್ಲಿ ಸೇರಿಕೊಳ್ಳುತ್ತದೆ. ಪಾರ್ಸೆಲ್ ತಂದವರು ಹಿಂದಿನ ಬೀದಿಯಲ್ಲಿ ನಿಂತು ಫೋನ್ ಮಾಡುವುದು ಸುಮ್ಮನೆ ಅಲ್ಲ.

ಸುತ್ತಿನ ವೃತ್ತ ಹೇಳುವುದೇನು

ಚುಕ್ಕೆಯ ಸುತ್ತ ತಿಳಿನೀಲಿ ವೃತ್ತವಿರುತ್ತದೆ. ಅದರೊಳಗೆ ನೀವು ಖಂಡಿತ ಇದ್ದೀರಿ ಎಂದು ಅರ್ಥವಲ್ಲ. ಆಂಡ್ರಾಯ್ಡ್ ಲೆಕ್ಕದಲ್ಲಿ ಅದು ಶೇ. 68ರ ಸಂಭವನೀಯತೆ. ಮೂರರಲ್ಲಿ ಒಂದು ಸಲ ನೀವು ವೃತ್ತದ ಹೊರಗಿರಬಹುದು. 5 ಮೀಟರ್ ಎಂದು ತೋರಿಸುತ್ತಿದ್ದರೂ 8-10 ಮೀಟರ್ ತಪ್ಪಿದ್ದರೆ ಆಶ್ಚರ್ಯವಿಲ್ಲ. ಅದೂ ಫೋನ್ ತನ್ನ ಬಗ್ಗೆ ತಾನೇ ಕೊಟ್ಟುಕೊಂಡ ಅಂದಾಜು, ಪ್ರತಿಫಲನ ಹೆಚ್ಚಿದ್ದಲ್ಲಿ ತುಸು ಜಂಬದ್ದೇ ಆಗಿರುತ್ತದೆ. ತೆರೆದ ಆಕಾಶದಡಿ ಸ್ಮಾರ್ಟ್‌ಫೋನಿನ ನಿಖರತೆ ಸಾಮಾನ್ಯವಾಗಿ 4.9 ಮೀಟರ್ ತ್ರಿಜ್ಯದೊಳಗೆ ಎಂದು ಅಮೆರಿಕ ಸರ್ಕಾರದ ಜಿಪಿಎಸ್ ತಾಣ ಹೇಳುತ್ತದೆ. ಒಳ್ಳೆಯ ಎಲ್5 ಫೋನ್ ಬಯಲಿನಲ್ಲಿ ಅದಕ್ಕಿಂತ ಚೆನ್ನಾಗಿ ಕೊಡುತ್ತದೆ.

ನಿಮ್ಮ ಫೋನ್ ಏನನ್ನು ಹಿಡಿಯುತ್ತಿದೆ?

ಆಂಡ್ರಾಯ್ಡ್‌ನಲ್ಲಿ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿಕೊಂಡು ಮನೆಯ ತಾರಸಿಗೆ ಹೋಗಿ. ಅದರ ಸ್ಟೇಟಸ್ ಪುಟದಲ್ಲಿ ಪ್ರತಿ ಉಪಗ್ರಹಕ್ಕೂ ಒಂದು ಸಾಲು, ಪಕ್ಕದಲ್ಲಿ ಆಯಾ ದೇಶದ ಬಾವುಟ. ಮೂರು ಕಾಲಂ ನೋಡಿದರೆ ಸಾಕು. ಸಿಎಫ್ ಎಂಬ ಕಾಲಂನಲ್ಲಿ ಎಲ್1 ಮಾತ್ರ ಇದೆಯೋ, ಎಲ್5 ಅಥವಾ (ಗೆಲಿಲಿಯೊದಲ್ಲಿ ಅದರ ಹೆಸರಾದ) ಇ5ಎ ಕೂಡ ಬರುತ್ತಿದೆಯೋ ತಿಳಿಯುತ್ತದೆ. ಸಿ/ಎನ್0 ಎಂಬುದು ಸಿಗ್ನಲ್ ಬಲ. 35ರ ಮೇಲಿದ್ದರೆ ಒಳ್ಳೆಯದು, 25ಕ್ಕಿಂತ ಕೆಳಗಿದ್ದರೆ ನಂಬಿಕೆಗೆ ಅರ್ಹವಲ್ಲ. ಕೊನೆಯದು ಫ್ಲ್ಯಾಗ್ಸ್. ಅಲ್ಲಿ ಯು ಅಕ್ಷರ ಇದ್ದರೆ ಮಾತ್ರ ಆ ಉಪಗ್ರಹ ಲೆಕ್ಕದಲ್ಲಿ ಬಳಕೆಯಾಗುತ್ತಿದೆ ಎಂದರ್ಥ. ಕಾಣುವ ಉಪಗ್ರಹ ಮೂವತ್ತಿದ್ದು ಬಳಕೆಯಾಗುವುದು ಎಂಟೇ ಇದ್ದರೆ ನೀವು ನಿಂತ ಜಾಗ ಚೆನ್ನಾಗಿಲ್ಲ. ಜಿಪಿಎಸ್ ಸಾಲುಗಳಲ್ಲಿ ಎಲ್ಲಕ್ಕೂ ಎಲ್5 ಕಾಣದಿದ್ದರೆ ಚಿಂತೆ ಬೇಡ. 2010ರಿಂದ ಈಚೆಗೆ ಹಾರಿದ ಹೊಸ ಪೀಳಿಗೆಯ ಉಪಗ್ರಹಗಳು ಮಾತ್ರ ಅದನ್ನು ಕೊಡುತ್ತವೆ. ಐಫೋನಿನಲ್ಲಿ ಇಂಥ ಪಟ್ಟಿ ನೋಡುವ ಸೌಲಭ್ಯವನ್ನು ಆಪಲ್ ಕೊಟ್ಟಿಲ್ಲ.

ಭಾರತದ ಬಾವುಟ ಕಂಡರೆ ಅದು ನಾವಿಕ್. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈನಲ್ಲಿ. ಮೊದಲ ತಲೆಮಾರಿನವು ಎಲ್5 ಮತ್ತು ಎಸ್ ಬ್ಯಾಂಡ್ ಎಂಬ ಇನ್ನೊಂದು ತರಂಗಾಂತರದಲ್ಲಿ ಮಾತ್ರ ಸಿಗ್ನಲ್ ಕೊಡುತ್ತವೆ. ಹೀಗಾಗಿ ಎಲ್5 ಇಲ್ಲದ ಫೋನಿಗೆ ಅವು ಇದ್ದೂ ಇಲ್ಲದಂತೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ ಎಲ್1 ಸಿಗ್ನಲ್ ಸೇರಿತು, ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರವೂ ಬಂತು. ಹಳೆಯವುಗಳಲ್ಲಿ ಕೆಲವದರ ಗಡಿಯಾರಗಳು ಕೈಕೊಟ್ಟಿವೆ. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ತನ್ನ ಕಕ್ಷೆ ಸೇರಲಿಲ್ಲ. ಆದ್ದರಿಂದ ಡಬ್ಬಿಯ ಮೇಲೆ ನಾವಿಕ್ ಎಂದು ಬರೆದಿದ್ದರಷ್ಟೇ ಸಾಲದು, ಯು ಅಕ್ಷರ ಬಿದ್ದಿದೆಯೇ ನೋಡಿ. ಅದರ ಕೆಲವು ಸ್ಥಾನಗಳು ನಮ್ಮ ತಲೆಯ ಮೇಲೆ ಎತ್ತರದಲ್ಲಿರುವುದು ತೋಟದವರಿಗೆ ಅನುಕೂಲ. 83 ಡಿಗ್ರಿ ಪೂರ್ವದ ಭೂಸ್ಥಿರ ಸ್ಥಾನ ದಾವಣಗೆರೆಯಿಂದ ನೋಡಿದರೆ ದಿಗಂತದಿಂದ ಸುಮಾರು 70 ಡಿಗ್ರಿ ಮೇಲಿರುತ್ತದೆ.

ನಾವಿಕ್ ಚಿತ್ರದುರ್ಗ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸವನ್ನೂ ಮಾಡಿದೆ. ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನ ಹೆಲಿಕಾಪ್ಟರಿನಿಂದ ಕಳಚಿಕೊಂಡು, ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದ ರನ್‌ವೇ ಮೇಲೆ ತಾನೇ ಇಳಿಯಿತು. 2023ರ ಏಪ್ರಿಲ್ 2ರಂದು ಮೊದಲ ಸಲ, 2024ರಲ್ಲಿ ಮತ್ತೆರಡು ಸಲ. ಅದರಲ್ಲಿ ನಾವಿಕ್ ರಿಸೀವರ್ ಇತ್ತು. ಆದರೆ ಇಸ್ರೊ ಅದೊಂದನ್ನೇ ನೆಚ್ಚಲಿಲ್ಲ. ನೆಲದಲ್ಲಿ ನೆಟ್ಟ, ಉಪಗ್ರಹದಂತೆಯೇ ಸಿಗ್ನಲ್ ಕೊಡುವ ಪ್ರೇಷಕಗಳು, ರೇಡಾರ್ ಎತ್ತರಮಾಪಕ, ಜಡತ್ವ ಸಂವೇದಕಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿತು. ನಿಮ್ಮ ಫೋನೂ ತನ್ನ ಮಟ್ಟದಲ್ಲಿ ವೈಫೈ, ಟವರ್, ಚಲನೆಯ ಸಂವೇದಕಗಳನ್ನು ಹೀಗೆಯೇ ಬೆರೆಸುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಮಾಡಬೇಕಾದ್ದು

ಮೊದಲು ಅನುಮತಿ ನೋಡಿ. ಆಂಡ್ರಾಯ್ಡ್ 12ರಿಂದ ಈಚೆಗೆ, ಐಫೋನಿನಲ್ಲಿ ಐಒಎಸ್ 14ರಿಂದ ಈಚೆಗೆ, ಆ್ಯಪ್‌ಗೆ ನಿಖರ ಸ್ಥಾನ ಕೊಡುವುದೋ ಅಂದಾಜು ಸ್ಥಾನವೋ ಎಂದು ಫೋನ್ ಕೇಳುತ್ತದೆ. ಗಡಿಬಿಡಿಯಲ್ಲಿ ಅಂದಾಜು ಒತ್ತಿದ್ದರೆ ಆ ಆ್ಯಪ್‌ಗೆ ಸಿಗುವುದು ಸುಮಾರು ಮೂರು ಚದರ ಕಿ.ಮೀ. ವಿಸ್ತಾರದ ಮಾಹಿತಿ. ಉಪಗ್ರಹ ಎಷ್ಟಿದ್ದರೂ ವ್ಯರ್ಥ. ಆ್ಯಪ್ ಗುರುತನ್ನು ಒತ್ತಿ ಹಿಡಿದು, ಆ್ಯಪ್ ಮಾಹಿತಿ, ಅನುಮತಿಗಳು, ಲೊಕೇಶನ್‌ಗೆ ಹೋಗಿ ಸರಿಪಡಿಸಿ.

ಎರಡನೆಯದು ಬ್ಯಾಟರಿ ಸೇವರ್. ಅದು ಚಾಲೂ ಇದ್ದರೆ ಪರದೆ ಆರಿದ ಕೂಡಲೆ ಎಷ್ಟೋ ಫೋನುಗಳು ಸ್ಥಾನ ಅಳೆಯುವುದನ್ನೇ ನಿಲ್ಲಿಸುತ್ತವೆ. ಹೊಲ ಸುತ್ತಿ ಬಂದ ಮೇಲೆ ಜಾಡಿನಲ್ಲಿ ಒಂದು ಬದಿ ಪೂರ್ತಿ ನೇರ ಗೆರೆಯಾಗಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಮೂರನೆಯದು ಅಷ್ಟು ಜನಕ್ಕೆ ಗೊತ್ತಿಲ್ಲದ್ದು. ಬ್ಯಾಟರಿ ಉಳಿಸಲು ಚಿಪ್ ಪ್ರತಿ ಸೆಕೆಂಡಿನಲ್ಲೂ ಸ್ವಲ್ಪ ಹೊತ್ತು ಮಲಗಿ ಏಳುತ್ತಿರುತ್ತದೆ. ಇದನ್ನು ನಿಲ್ಲಿಸಬಹುದು. ಅಬೌಟ್ ಫೋನ್‌ಗೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅದರಲ್ಲಿ ಫೋರ್ಸ್ ಫುಲ್ ಜಿಎನ್‌ಎಸ್‌ಎಸ್ ಮೆಷರ್‌ಮೆಂಟ್ಸ್ ಎಂಬುದನ್ನು ಆನ್ ಮಾಡಿ. ಆಂಡ್ರಾಯ್ಡ್ 9ರಿಂದ ಈಚಿನ ಬಹಳಷ್ಟು ಫೋನುಗಳಲ್ಲಿ ಇದಿದೆ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಆದ್ದರಿಂದ ಅಳತೆ ಮುಗಿದ ಮೇಲೆ ಆಫ್ ಮಾಡಿ. ಎಲ್ಲ ಫೋನಿನಲ್ಲೂ ಕಣ್ಣಿಗೆ ಕಾಣುವಷ್ಟು ಲಾಭ ಸಿಗುತ್ತದೆಂದು ಹೇಳಲಾಗದು.

ವೈಫೈ ಸ್ಕ್ಯಾನಿಂಗ್ ಊರೊಳಗೆ ಆನ್ ಇರಲಿ. ಸುತ್ತಲಿನ ರೂಟರುಗಳ ಹೆಸರುಪಟ್ಟಿ ನೋಡಿ ಗೂಗಲ್ ಸ್ಥಾನ ಊಹಿಸುತ್ತದೆ. ಪಿ.ಜೆ. ಬಡಾವಣೆಯಲ್ಲಿ ಮನೆಯೊಳಗಿದ್ದಾಗ ಉಪಗ್ರಹಕ್ಕಿಂತ ಇದೇ ವಾಸಿ. ಯಾರಾದರೂ ಮನೆ ಬದಲಿಸಿ ರೂಟರನ್ನೂ ಹೊತ್ತೊಯ್ದಿದ್ದರೆ ಕೆಲಕಾಲ ನೀವು ಅವರ ಹಳೆಯ ಮನೆಯಲ್ಲಿರುವಂತೆ ತೋರಿಸುವುದುಂಟು. ಹೊಲದಲ್ಲಿ ವೈಫೈ ಇಲ್ಲ. ಟವರ್ ಆಧರಿಸಿದ ಊಹೆ ನೂರಾರು ಮೀಟರಿನಿಂದ ಕಿಲೋಮೀಟರುಗಳವರೆಗೂ ತಪ್ಪುತ್ತದೆ. ಅಲ್ಲಿ ಉಪಗ್ರಹವೊಂದೇ ಗತಿ.

ದಿಕ್ಕು ತೋರಿಸುವ ಬಾಣ ತಪ್ಪುವುದು ಬೇರೆಯೇ ರೋಗ. ಅದು ಫೋನಿನ ದಿಕ್ಸೂಚಿಯದು. ಫೋನನ್ನು ಎಂಟರ ಆಕಾರದಲ್ಲಿ ನಾಲ್ಕೈದು ಸಲ ತಿರುಗಿಸಿದರೆ ಸರಿಹೋಗುತ್ತದೆ. ಹೋಗದಿದ್ದರೆ ಕವರಿನ ಮುಚ್ಚಳದಲ್ಲೋ ಬೈಕಿನ ಹೋಲ್ಡರಿನಲ್ಲೋ ಅಯಸ್ಕಾಂತ ಇದೆಯೇ ನೋಡಿ.

ಹೊಲದಲ್ಲಿ, ತೋಟದಲ್ಲಿ

ಉಪಗ್ರಹ ತಾನೆಲ್ಲಿದ್ದೇನೆ ಎಂಬ ವಿವರವನ್ನು ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಕಳುಹಿಸುತ್ತದೆ. ಒಂದು ಆವರ್ತ ಮುಗಿಯಲು 30 ಸೆಕೆಂಡ್ ಬೇಕು, ನಡುವೆ ತುಂಡಾದರೆ ಮತ್ತೆ ಕಾಯಬೇಕು. ಇಂಟರ್ನೆಟ್ ಇದ್ದರೆ ಫೋನ್ ಇದನ್ನು ಕ್ಷಣದಲ್ಲಿ ಇಳಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಎಲೆಗಳ ಸಂದಿಯಲ್ಲಿ ಕಷ್ಟಪಟ್ಟು ಓದಬೇಕು. ಸಿಗ್ನಲ್ಲನ್ನು ಹಿಡಿದಿಟ್ಟುಕೊಳ್ಳುವುದಕ್ಕಿಂತ ಅದರೊಳಗಿನ ಮಾತು ಓದುವುದಕ್ಕೆ ಹೆಚ್ಚು ಬಲ ಬೇಕು. ಆದ್ದರಿಂದ ಡೇಟಾ ಸಿಗುವ ಕಡೆ, ತೋಟದ ಹೊರಗಿನ ಬಯಲಿನಲ್ಲಿ ಆ್ಯಪ್ ತೆರೆದು ಎರಡು ನಿಮಿಷ ನಿಲ್ಲಿ. ವೃತ್ತ ಚಿಕ್ಕದಾದ ಮೇಲೆ ಪರದೆ ಆರಿಸದೆ ಒಳಗೆ ನಡೆಯಿರಿ. ಒಳಗೆ ಹೋಗಿ ತೆರೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಜಿಪಿಎಸ್‌ಟೆಸ್ಟ್‌ನಲ್ಲಿ ಹಳೆಯ ನೆರವಿನ ಡೇಟಾ ಅಳಿಸುವ ಆಯ್ಕೆಯಿದೆ. ಅದನ್ನು ಇಂಟರ್ನೆಟ್ ಇಲ್ಲದ ಕಡೆ ಒತ್ತಿದರೆ ಇದ್ದದ್ದೂ ಹೋಗಿ ಮೊದಲ ಸ್ಥಾನಕ್ಕೆ ನಿಮಿಷಗಟ್ಟಲೆ ಕಾಯಬೇಕಾಗುತ್ತದೆ.

ಆಂಟೆನಾ ಸಾಮಾನ್ಯವಾಗಿ ಫೋನಿನ ಮೇಲಿನ ಅಂಚಿನಲ್ಲಿರುತ್ತದೆ. ಕೆಳಭಾಗ ಹಿಡಿದು, ಮೇಲಂಚು ತೆರೆದಿಟ್ಟು, ಮೈಯಿಂದ ಒಂದು ಮೊಳ ದೂರ ಚಾಚಿ. ಮೈಯೊಳಗೆಲ್ಲ ನೀರೇ ಇರುವುದರಿಂದ ನೀವು ನಿಂತ ದಿಕ್ಕಿನ ಉಪಗ್ರಹಗಳು ಮಂಕಾಗುತ್ತವೆ. ಪ್ಲಾಸ್ಟಿಕ್ ಸ್ಟೂಲಿನ ಮೇಲೋ ಮರದ ಗೂಟದ ಮೇಲೋ ಪರದೆ ಮೇಲಾಗಿ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರೆ ಇನ್ನೂ ಉತ್ತಮ. ಟ್ರ್ಯಾಕ್ಟರಿನ ಬಾನೆಟ್, ತಗಡಿನ ಶೆಡ್, ಪಂಪ್‌ಸೆಟ್ ಮನೆಯ ಗೋಡೆ, ಸೂಳೆಕೆರೆಯಂಥ ದೊಡ್ಡ ನೀರಿನ ಅಂಚು ಇವುಗಳಿಂದ ದೂರವಿರಿ. ಕಾರಿನೊಳಗೆ ಡ್ಯಾಶ್‌ಬೋರ್ಡ್ ಮೇಲೆ ಇಡಿ. ಗಾಜಿಗೆ ಲೋಹಲೇಪದ ಫಿಲ್ಮ್ ಅಂಟಿಸಿದ್ದರೆ ಅಲ್ಲಿಯೂ ನಂಬಬೇಡಿ.

ಒಂದೇ ಜಾಗದಲ್ಲಿ ಐದು ನಿಮಿಷ ನಿಂತು ಸರಾಸರಿ ತೆಗೆದರೆ ನಿಖರವಾಗುತ್ತದೆ ಎಂದು ಬಹಳ ಜನ ನಂಬುತ್ತಾರೆ. ಲಾಭ ಸ್ವಲ್ಪವೇ. ಪ್ರತಿಫಲನದ ತಪ್ಪು ಆ ಐದು ನಿಮಿಷವೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ ಎಳೆಯುತ್ತಿರುತ್ತದೆ. ಸರಾಸರಿಯಲ್ಲಿ ಅದು ಕರಗುವುದಿಲ್ಲ. ಉಪಗ್ರಹಗಳು ಜಾಗ ಬದಲಿಸಿದ ಮೇಲೆ ಮತ್ತೆ ಅಳೆಯಬೇಕು. ಬೆಳಿಗ್ಗೆ ಏಳಕ್ಕೆ, ಒಂಬತ್ತಕ್ಕೆ, ಹನ್ನೊಂದಕ್ಕೆ ಹತ್ತತ್ತು ನಿಮಿಷ ಅಳೆದು ಮೂರರ ಸರಾಸರಿ ತೆಗೆದರೆ ಒಂದೇ ಸಲದ ಅರ್ಧ ಗಂಟೆಗಿಂತ ಒಳ್ಳೆಯದು. ನಾಳೆಯೂ ಅದೇ ಹೊತ್ತಿಗೆ ಬಂದರೆ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಜಿಪಿಎಸ್ ಉಪಗ್ರಹಗಳ ಜೋಡಣೆ 23 ಗಂಟೆ 56 ನಿಮಿಷಕ್ಕೊಮ್ಮೆ ಮರುಕಳಿಸುತ್ತದೆ. ನಿನ್ನೆಯ ತಪ್ಪು ನಾಲ್ಕು ನಿಮಿಷ ಮುಂಚೆ ಮತ್ತೆ ಬರುತ್ತದೆ ಅಷ್ಟೆ.

ವಿಸ್ತೀರ್ಣ ಅಳೆಯುವಾಗ ಲೆಕ್ಕ ಬೇರೆ. ಚೌಕಾಕಾರದ ಒಂದೆಕರೆ ಹೊಲದ ಬದಿ ಸುಮಾರು 63.6 ಮೀಟರ್. ನಾಲ್ಕು ಮೂಲೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಗುರುತಿಸಿ, ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ವ-ಪಶ್ಚಿಮವಾಗಿಯೂ ಉತ್ತರ-ದಕ್ಷಿಣವಾಗಿಯೂ ಮೂರು ಮೀಟರ್ ಆಚೀಚೆಯಾಗಿದ್ದರೆ, ವಿಸ್ತೀರ್ಣದಲ್ಲಿ 270 ಚದರ ಮೀಟರ್‌ನಷ್ಟು ಏರುಪೇರು ಸಹಜ. ಅಂದರೆ ಎರಡೂವರೆ ಗುಂಟೆಗೂ ಮಿಕ್ಕಿ. ಅದೇ ಹೊಲವನ್ನು ನಿಲ್ಲದೆ, ಒಂದೇ ಗತಿಯಲ್ಲಿ, ಪರದೆ ಆರಿಸದೆ ಒಂದು ಸುತ್ತು ನಡೆದರೆ ತಪ್ಪಿನ ಬಹುಭಾಗ ಎಲ್ಲ ಬಿಂದುಗಳಿಗೂ ಒಂದೇ ಆಗಿರುತ್ತದೆ. ಆಗ ಹೊಲದ ಚಿತ್ರ ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ, ಆಕಾರ ಕೆಡುವುದಿಲ್ಲ, ವಿಸ್ತೀರ್ಣ ಸರಿಯ ಹತ್ತಿರ ಬರುತ್ತದೆ. ನಡೆಯುವಾಗ ಇನ್ನೊಂದು ಅನುಕೂಲವಿದೆ. ಸಿಗ್ನಲ್ಲಿನ ಡಾಪ್ಲರ್ ವ್ಯತ್ಯಾಸದಿಂದ, ಅಂದರೆ ಚಲನೆಯಿಂದ ತರಂಗಾಂತರದಲ್ಲಾಗುವ ಪುಟ್ಟ ಬದಲಾವಣೆಯಿಂದ, ಫೋನ್ ವೇಗವನ್ನು ಸ್ಥಾನಕ್ಕಿಂತ ಬಹಳ ನಿಖರವಾಗಿ ಅಳೆಯಬಲ್ಲದು, ಅದು ಜಾಡನ್ನು ನಯಗೊಳಿಸುತ್ತದೆ.

ಬೆಳೆ ಸಮೀಕ್ಷೆಯಂಥ ಕೆಲಸದಲ್ಲಿ ಎಡವಟ್ಟಾಗುವುದು ಅವಸರದಿಂದ. ಬೈಕ್ ನಿಲ್ಲಿಸಿ, ಹೊಲಕ್ಕೆ ಇಳಿದು, ತಕ್ಷಣ ಕ್ಯಾಮೆರಾ ತೆರೆದರೆ ಫೋನ್ ಕೊಡುವುದು ಹಿಂದಿನ ಸ್ಥಾನವಾಗಿರಬಹುದು, ಅಂದರೆ ರಸ್ತೆಯದು. ಅರ್ಧ ನಿಮಿಷ ಕಾಯಿರಿ. ಬದುವಿನ ಅಂಚಿನಲ್ಲಿ ನಿಲ್ಲದೆ ಹೊಲದ ನಡುವೆ ನಿಂತರೆ ಐದು ಮೀಟರ್ ತಪ್ಪಿದರೂ ನಿಮ್ಮ ನಂಬರಿನೊಳಗೇ ಇರುತ್ತೀರಿ.

ಸಂಖ್ಯೆ ಓದುವಲ್ಲಿಯೂ ಮೋಸ ಹೋಗುವುದುಂಟು. ಅಕ್ಷಾಂಶ, ರೇಖಾಂಶದಲ್ಲಿ ದಶಮಾಂಶದ ಐದನೇ ಅಂಕಿ ಸುಮಾರು ಒಂದು ಮೀಟರ್, ಆರನೆಯದು ಹನ್ನೊಂದು ಸೆಂಟಿಮೀಟರ್. ಎಂಟು ಅಂಕಿ ತೋರಿಸುವ ಆ್ಯಪ್ ಹೆಚ್ಚು ನಿಖರವೇನಲ್ಲ, ಕೊನೆಯ ಮೂರು ಅಂಕಿಗಳು ಶೋಭೆಗೆ. ದಾವಣಗೆರೆಯ ಅಕ್ಷಾಂಶ 14.46 ಡಿಗ್ರಿ. ಅದನ್ನು 14 ಡಿಗ್ರಿ 46 ಮಿನಿಟ್ ಎಂದು ಓದಿದರೆ 34 ಕಿ.ಮೀ. ಉತ್ತರಕ್ಕೆ, ಹರಪನಹಳ್ಳಿ ಹತ್ತಿರ ಹೋಗುತ್ತೀರಿ. ಎತ್ತರದ ವಿಷಯವೂ ಹೀಗೇ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಕೆಲವು ಆ್ಯಪ್ 515ರ ಆಸುಪಾಸು ತೋರಿಸುತ್ತವೆ. ಅವು ಭೂಮಿಯ ಗಣಿತದ ಆಕಾರದಿಂದ ಎತ್ತರ ಅಳೆಯುತ್ತವೆ. ನಮ್ಮ ಕಡೆ ನಿಜವಾದ ಸಮುದ್ರಮಟ್ಟ ಆ ಆಕಾರಕ್ಕಿಂತ 80-90 ಮೀಟರ್ ಕೆಳಗಿದೆ. ಫೋನ್ ಕೆಟ್ಟಿಲ್ಲ.

ಚುಕ್ಕೆ ಸರಿ, ಗೆರೆ ತಪ್ಪು

ಇಷ್ಟೆಲ್ಲ ಮಾಡಿದ ಮೇಲೂ ಚುಕ್ಕೆ ಪಕ್ಕದ ನಂಬರಿನಲ್ಲೇ ಇದ್ದರೆ ತಪ್ಪು ನಕ್ಷೆಯದೂ ಇರಬಹುದು. ದಿಶಾಂಕ್ ತೋರಿಸುವ ಸರ್ವೆ ಗೆರೆಗಳು ಕಾಗದದ ಗ್ರಾಮ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸಿ ಭೂಮಿಯ ಮೇಲೆ ಕೂರಿಸಿದಂಥವು. ಕೂರಿಸುವಾಗ ಕೆಲವು ಮೀಟರ್ ಜರುಗಿರುವುದು ಸಾಧ್ಯ. ಗೂಗಲ್ ಮ್ಯಾಪ್ಸ್‌ನ ಉಪಗ್ರಹ ಚಿತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಹೆದ್ದಾರಿಯಲ್ಲಿ ಇದಕ್ಕೆ ತದ್ವಿರುದ್ಧ. ದಾರಿ ತೋರಿಸುವ ಆ್ಯಪ್‌ಗಳು ಚುಕ್ಕೆಯನ್ನು ಹತ್ತಿರದ ರಸ್ತೆಗೆ ಎಳೆದು ಅಂಟಿಸುತ್ತವೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುತ್ತಿದ್ದರೂ ಸರ್ವಿಸ್ ರಸ್ತೆಯಲ್ಲಿದ್ದೀರಿ ಎಂದು ತಿಳಿದು ತಿರುವು ಹೇಳುವುದು ಅದರಿಂದಲೇ.

ಆದ್ದರಿಂದ ಬದುವಿನ ತಕರಾರಿಗೆ ಫೋನನ್ನು ಸಾಕ್ಷಿಗೆ ಕರೆಯಬೇಡಿ. ನಂಬರ್ ಯಾವುದೆಂದು ತಿಳಿಯಲು, ಪಹಣಿ ಹುಡುಕಲು ದಿಶಾಂಕ್ ಬಹಳ ಒಳ್ಳೆಯದು. ಬಾಂದು ಕಲ್ಲು ಎಲ್ಲಿ ನೆಡಬೇಕೆಂಬುದಕ್ಕೆ ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕರನ್ನೇ ಕರೆಸಬೇಕು.

ಸೆಂಟಿಮೀಟರ್ ಮಟ್ಟದ ನಿಖರತೆ ಫೋನಿನ ಮೂಲಕವೇ ಬೇಕಾದವರಿಗೂ ದಾರಿಯಿದೆ. ಕಾಲುವೆ ಮಟ್ಟ, ಡ್ರಿಪ್ ಪೈಪಿನ ಜಾಲ, ಬಡಾವಣೆಯ ನಕ್ಷೆ ಮಾಡುವ ಎಂಜಿನಿಯರುಗಳು ಇದನ್ನು ಬಳಸಬಹುದು. ಎರಡೂ ತರಂಗಾಂತರ ಹಿಡಿಯುವ ಆರ್‌ಟಿಕೆ (ಬೇರೆ ನಿಲ್ದಾಣದ ತಿದ್ದುಪಡಿ ಪಡೆದು ಅಳೆಯುವ) ರಿಸೀವರ್, ಅದಕ್ಕೊಂದು ಚಪ್ಪಟೆ ಆಂಟೆನಾ, ಎರಡು ಮೀಟರಿನ ಕೋಲು, ಬ್ಲೂಟೂತ್ ಮೂಲಕ ಫೋನ್. ಗೊತ್ತಾದ ಜಾಗದಲ್ಲಿ ಕಾಯಂ ಆಗಿ ನೆಟ್ಟ ರಿಸೀವರುಗಳು ತಮ್ಮ ತಪ್ಪು ಎಷ್ಟೆಂದು ಕ್ಷಣಕ್ಷಣಕ್ಕೂ ಹೇಳುತ್ತಿರುತ್ತವೆ. ಭಾರತೀಯ ಸರ್ವೇಕ್ಷಣ ಇಲಾಖೆ ಇಂಥ ನಿಲ್ದಾಣಗಳ ಕಾರ್ಸ್ (CORS) ಎಂಬ ಜಾಲವನ್ನು ನಡೆಸುತ್ತಿದ್ದು, ನೋಂದಾಯಿಸಿಕೊಂಡವರಿಗೆ ತಿದ್ದುಪಡಿ ಇಂಟರ್ನೆಟ್ ಮೂಲಕ ಬರುತ್ತದೆ. ರಿಸೀವರ್ ಸಂಕೇತದ ತುಣುಕಿನ ಬದಲು 19 ಸೆಂಟಿಮೀಟರ್ ಉದ್ದದ ಅಲೆಯನ್ನೇ ಎಣಿಸುವುದರಿಂದ ಬಯಲಿನಲ್ಲಿ ಕೆಲವೇ ಸೆಂಟಿಮೀಟರಿನ ನಿಖರತೆ ಸಿಗುತ್ತದೆ. ಪರದೆಯ ಮೇಲೆ ಫಿಕ್ಸ್, ಅಂದರೆ ಅಲೆಗಳ ಎಣಿಕೆ ಖಚಿತವಾಯಿತು, ಎಂದು ಬಂದ ಮೇಲಷ್ಟೇ ಅಳತೆ ಬರೆದುಕೊಳ್ಳಿ. ಫ್ಲೋಟ್ (ಎಣಿಕೆ ಇನ್ನೂ ಖಚಿತವಾಗಿಲ್ಲ) ಎಂದಿದ್ದರೆ ತಪ್ಪು ಹತ್ತಾರು ಸೆಂಟಿಮೀಟರ್ ಇರಬಹುದು. ಎಲೆ ಮುಚ್ಚಿದ ತೋಟದಲ್ಲಿ ಈ ಸಲಕರಣೆಯೂ ಆಗಾಗ ಫ್ಲೋಟ್‌ಗೆ ಜಾರುತ್ತದೆ. ಡೇಟಾ ಸಿಗ್ನಲ್ ಹೋದರೆ ತಿದ್ದುಪಡಿ ನಿಂತು ಅಲ್ಪ ಹೊತ್ತಿನಲ್ಲೇ ಫಿಕ್ಸ್ ಕಳೆದುಹೋಗುತ್ತದೆ.

ರಿಸೀವರ್ ಕೊಟ್ಟ ಸ್ಥಾನವನ್ನು ಫೋನಿನ ಉಳಿದ ಆ್ಯಪ್‌ಗಳು ಒಪ್ಪಬೇಕಾದರೆ ಡೆವಲಪರ್ ಆಯ್ಕೆಗಳಲ್ಲಿ ಮಾಕ್ ಲೊಕೇಶನ್ ಆ್ಯಪ್ ಎಂಬಲ್ಲಿ ರಿಸೀವರಿನ ಆ್ಯಪ್ ಆರಿಸಬೇಕು. ಕೆಲಸ ಮುಗಿದ ಕೂಡಲೆ ಅದನ್ನು ತೆಗೆದುಬಿಡಿ. ಹಾಗೇ ಬಿಟ್ಟರೆ ಸುಳ್ಳು ಸ್ಥಾನವನ್ನು ಪತ್ತೆಹಚ್ಚುವ ಹಾಜರಾತಿ ಆ್ಯಪ್‌ಗಳು, ಹಣದ ಆ್ಯಪ್‌ಗಳು ತೆರೆಯಲು ನಿರಾಕರಿಸಬಹುದು. ರಿಸೀವರ್ ಆಫ್ ಆದ ಮೇಲೂ ಕೆಲವು ಫೋನುಗಳಲ್ಲಿ ಕೊನೆಯ ಸ್ಥಾನವೇ ಅಂಟಿಕೊಂಡಿರುತ್ತದೆ. ಆಗ ಲೊಕೇಶನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಅದಕ್ಕೂ ಬಗ್ಗದಿದ್ದರೆ ಫೋನ್ ರೀಸ್ಟಾರ್ಟ್ ಮಾಡಿ.